ನಾಲ್ಕುನೂರು ಗ್ರಾಂ ತರಕಾರಿ ಹೆಚ್ಚುವವರು ಯಾರು?

2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ ಸೇರಿ ಭಾರತೀಯರಿಗೆ ಹೊಸ ಆಹಾರ ಮಾರ್ಗಸೂಚಿ ಹೊರತಂದವು. ನಾನು ಪಿಡಿಎಫ್ ಇಳಿಸಿಕೊಂಡು, ಅದರಲ್ಲಿದ್ದ ಊಟದ ತಟ್ಟೆಯ ಚಿತ್ರವನ್ನು ಕಲರ್ ಪ್ರಿಂಟ್ ತೆಗೆದು, ಕೂಳೂರಿನ ನಮ್ಮ ಬಾಡಿಗೆ ಫ್ಲ್ಯಾಟಿನ ಫ್ರಿಜ್ಜಿಗೆ ಅಂಟಿಸಿದೆ. ಅದಕ್ಕೆ ಕಾರಣ ಇತ್ತು. ಅದೇ ವಾರ ನನ್ನ ರಕ್ತಪರೀಕ್ಷೆಯ ರಿಪೋರ್ಟ್ ಬಂದಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.2. ಅದು 5.7ರಿಂದ 6.4ರ ಒಳಗೆ ಇದ್ದರೆ ನೀವು ಸಕ್ಕರೆ ಕಾಯಿಲೆಯ ಹೊಸಿಲ ಮೇಲೆ ನಿಂತಿದ್ದೀರಿ ಅಂತ ಅರ್ಥ. ಅಪ್ಪ ಐವತ್ತು ದಾಟಿದ ಮೇಲೆ ತಲುಪಿದ ಜಾಗಕ್ಕೆ ನಾನು ಮೂವತ್ತನಾಲ್ಕಕ್ಕೇ ಬಂದಿದ್ದೆ.

ಆ ಕಾಗದ ಇವತ್ತಿಗೂ ಫ್ರಿಜ್ಜಿನ ಮೇಲೆ ಉಂಟು. ಅದರ ಮೇಲೆ ನನ್ನದೊಂದು ತಕರಾರು ಕೂಡ ಉಂಟು. ತಕರಾರು ಅದೊಂದರ ಮೇಲೆ ಮಾತ್ರ ಅಲ್ಲ, ನಮ್ಮಂಥ ಲ್ಯಾಪ್‌ಟಾಪ್ ಜೀವಿಗಳಿಗಾಗಿ ಬರೆಯುವ ಹೆಚ್ಚುಕಮ್ಮಿ ಎಲ್ಲ ಆರೋಗ್ಯ ಬರಹಗಳ ಮೇಲೆ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಈ ಮಾರ್ಗಸೂಚಿ ಪುಕ್ಕಟೆ ಸಿಗುತ್ತದೆ, ಏನನ್ನೂ ಮಾರುವುದಿಲ್ಲ. ಒಟ್ಟು 17 ಸೂಚನೆಗಳು. ಮೈಕಟ್ಟು ಬೆಳೆಸಲಿಕ್ಕೆ ಪ್ರೋಟೀನ್ ಪುಡಿಯ ಹಿಂದೆ ಹೋಗಬೇಡಿ ಅಂತ ನೇರವಾಗಿ ಹೇಳುತ್ತದೆ. ನಮ್ಮ ಆಫೀಸಿನಲ್ಲಿ ಪ್ರತಿ ಎರಡನೇ ಡೆಸ್ಕಿನ ಮೇಲೆ ಒಂದು ಡಬ್ಬಿ ಇರುವುದರಿಂದ ಇದು ಸಣ್ಣ ಧೈರ್ಯ ಅಲ್ಲ. ತಟ್ಟೆಯ ಲೆಕ್ಕವೂ ಸ್ಪಷ್ಟ. 2,000 ಕ್ಯಾಲೊರಿ ಬೇಕಾದವರಿಗೆ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮೀನು 85 ಗ್ರಾಂ, ಸೊಪ್ಪು ಸೇರಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು-ಮೊಸರು 300 ಮಿಲಿಲೀಟರ್, ಎಣ್ಣೆ 27 ಗ್ರಾಂ. ಕುಚ್ಚಲಕ್ಕಿ ಅನ್ನದ ಗುಡ್ಡೆ ಕಟ್ಟಿ, ಅದರ ಪಕ್ಕ ಒಂದು ಚಮಚ ಪಲ್ಯ ಇಟ್ಟುಕೊಂಡು "ಮನೆ ಊಟ, ಆರೋಗ್ಯಕ್ಕೆ ಒಳ್ಳೆಯದು" ಅಂದುಕೊಂಡಿದ್ದ ನನಗೆ ಅರ್ಧ ತಟ್ಟೆ ತರಕಾರಿ-ಹಣ್ಣು ಅನ್ನುವ ಚಿತ್ರವೇ ಒಂದು ಪೆಟ್ಟು.

ಆದರೆ ಆ ಪಟ್ಟಿಯಲ್ಲಿ ಗ್ರಾಂ ಉಂಟು, ಮಿಲಿಲೀಟರ್ ಉಂಟು, ನಿಮಿಷ ಇಲ್ಲ. ಒಬ್ಬೊಬ್ಬರಿಗೆ 400 ಗ್ರಾಂ ಅಂದರೆ ನಮ್ಮಿಬ್ಬರಿಗೇ 800 ಗ್ರಾಂ, ಮೇಲೆ ಆರು ವರ್ಷದ ಮಗಳ ಪಾಲು. ಒಂದು ಭಾನುವಾರ ಫೋನಿನ ಸ್ಟಾಪ್‌ವಾಚ್ ಹಾಕಿ ನೋಡಿದೆ. ಹರಿವೆ ದಂಟಿನ ನಾರು ತೆಗೆದು, ಬಸಳೆ ಎಲೆ ಬಿಡಿಸಿ ತೊಳೆದು, ಅಲಸಂಡೆ ಮುರಿದು, ತೊಂಡೆಕಾಯಿ ಉದ್ದುದ್ದ ಸೀಳುವಷ್ಟರಲ್ಲಿ ಮೂವತ್ತೆಂಟು ನಿಮಿಷ. ಒಲೆ ಇನ್ನೂ ಹಚ್ಚಿಯೇ ಇಲ್ಲ. ತೆಂಗಿನಕಾಯಿ ತುರಿಯುವುದು, ಮಸಾಲೆ ಅರೆಯುವುದು, ಪಾತ್ರೆ ತೊಳೆಯುವುದು ಆಮೇಲಿನ ಮಾತು. ನೆನೆಸುವುದು, ಮುಚ್ಚಿ ಬೇಯಿಸುವುದು ಮುಂತಾದ ಅಡುಗೆಯ ಕ್ರಮಗಳಿಗೆ ಮಾರ್ಗಸೂಚಿಯಲ್ಲಿ ಒಂದು ಇಡೀ ಸೂಚನೆ ಮೀಸಲಿದೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಏನು ಬೇಕು ಅಂತಲೂ ಉಂಟು. ಆದರೆ ತಟ್ಟೆಯ ಚಿತ್ರದಲ್ಲಿ ಊಟ ತಾನಾಗಿಯೇ ಬಂದು ಕೂತಿರುತ್ತದೆ. ಅದನ್ನು ತಂದಿಟ್ಟ ಕೈ ಕಾಣುವುದಿಲ್ಲ.

ವಿಜ್ಞಾನಿಗಳ ಕೆಲಸ ಗ್ರಾಂ ಹೇಳುವುದು, ನಿಮಿಷ ನಮ್ಮ ಪಾಡು ಅಂತ ಬಿಡಬಹುದು. ಹಾಗಾದರೆ ಜನಪ್ರಿಯ ಪುಸ್ತಕಗಳನ್ನು ನೋಡುವ. ರುಜುತಾ ದಿವೇಕರ್ ಅವರ 'ಡೋಂಟ್ ಲೂಸ್ ಯುವರ್ ಮೈಂಡ್, ಲೂಸ್ ಯುವರ್ ವೇಯ್ಟ್' ಬಂದದ್ದು 2009ರಲ್ಲಿ. ಅನ್ನ-ತುಪ್ಪ ಬಿಟ್ಟು ಓಟ್ಸ್ ತಿನ್ನಬೇಕು ಅಂತ ಹೆದರಿಕೊಂಡಿದ್ದ ಒಂದು ತಲೆಮಾರಿಗೆ ಅವರು ಧೈರ್ಯ ಕೊಟ್ಟರು. ನಿಮ್ಮ ಊರಿನದ್ದನ್ನೇ ತಿನ್ನಿ ಅಂದರು. ಹಳ್ಳಿಯಿಂದ ಬಂದ ನನಗೆ ಈ ಮಾತು ಎಷ್ಟು ಹಿತವಾಗಿತ್ತು ಅಂದರೆ ಪುಸ್ತಕವನ್ನು ನಾಲ್ಕು ಜನರಿಗೆ ಕೊಟ್ಟಿದ್ದೆ. ಅದೇ ಪುಸ್ತಕದ ಒಂದು ಮುಖ್ಯ ಸೂತ್ರ, ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುತ್ತಿರಿ ಅನ್ನುವುದು. ಓದುವಾಗ ತಲೆ ಆಡಿಸಿದ್ದೆ. ಈಗ ಲೆಕ್ಕ ಹಾಕಿದರೆ, ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಏಳೆಂಟು ಸಲ ಬಾಯಿಗೆ ಏನಾದರೂ ಬೀಳಬೇಕು. ಅದರಲ್ಲಿ ಒಂದೆರಡು ಬಾಳೆಹಣ್ಣು, ಕಡಲೆಬೀಜದಲ್ಲಿ ಮುಗಿಯಬಹುದು. ಉಳಿದ ಡಬ್ಬಿಗಳನ್ನು ತುಂಬುವವರು ಯಾರು? ಮನೆಯಲ್ಲಿ ಅಡುಗೆಯವರನ್ನು ಇಟ್ಟುಕೊಂಡವರಿಗೆ ಇದು ಪ್ರಶ್ನೆಯೇ ಅಲ್ಲ. ನಮ್ಮಂಥವರ ಮನೆಯಲ್ಲಿ ಪ್ರಶ್ನೆ ಇದೊಂದೇ.

ಅಜ್ಜ-ಅಜ್ಜಿಯರ ಊಟಕ್ಕೆ ಮರಳಿ ಅನ್ನುವ ಮಾತಿನಲ್ಲೂ ನನಗೆ ಈಗ ಪೂರ್ತಿ ನಂಬಿಕೆ ಇಲ್ಲ. ನಮ್ಮದು ಬೆಳ್ತಂಗಡಿ ಕಡೆಯ ಹಳ್ಳಿ. ಅಜ್ಜ ಮೂರು ಹೊತ್ತೂ ಗಂಜಿ ಉಣ್ಣುತ್ತಿದ್ದರು, ಉಪ್ಪಿನಕಾಯಿಯೋ ಒಣಮೀನಿನ ಚಟ್ನಿಯೋ ಜೊತೆಗೆ. 400 ಗ್ರಾಂ ತರಕಾರಿ ಅವರ ಬಟ್ಟಲಿಗೆ ಹಬ್ಬದ ದಿನವೂ ಬಿದ್ದಿರಲಿಕ್ಕಿಲ್ಲ. ಆ ಗಂಜಿ ಅವರಿಗೆ ದಕ್ಕಿದ್ದು ತೋಟ, ಗದ್ದೆ, ಗುಡ್ಡ ಅಂತ ದಿನವಿಡೀ ಮೈ ಸವೆಸುತ್ತಿದ್ದುದರಿಂದ. ನಾವು ಗುಡ್ಡ ಬಿಟ್ಟೆವು, ಗಂಜಿಯ ಬಟ್ಟಲನ್ನು ಮಾತ್ರ ಅದೇ ಅಳತೆಯಲ್ಲಿ ಇಟ್ಟುಕೊಂಡೆವು. ಇನ್ನು ಅಜ್ಜಿ? ಭತ್ತ ಬೇಯಿಸಿ, ಒಣಗಿಸಿ, ಬಾವಿಯಿಂದ ನೀರು ಸೇದಿ, ಅರೆಯುವ ಕಲ್ಲಿನ ಮುಂದೆ ಕೂತವರು. ಎಲ್ಲರದ್ದೂ ಆದ ಮೇಲೆ ಉಳಿದದ್ದನ್ನು ಉಂಡವರು. ಅಜ್ಜಿಯ ರುಚಿ ಬೇಕು ಅನ್ನುವಾಗ ನಾವು ಅಜ್ಜಿಯ ದುಡಿಮೆಯನ್ನೂ ಯಾರಿಂದಲೋ ಕೇಳುತ್ತಿರುತ್ತೇವೆ.

ಊಟ ಆಯಿತು, ವ್ಯಾಯಾಮಕ್ಕೆ ಬರುವ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು, ಎರಡು ದಿನ ಸ್ನಾಯುಗಳಿಗೆ ಕೆಲಸ ಬೇಕು. ಇದನ್ನು ನಮಗೆ ತಲುಪಿಸುವ ರೀಲ್ಸ್‌ನವರು ಒಂದು ಬೈಗುಳ ಸೇರಿಸಿ ತಲುಪಿಸುತ್ತಾರೆ. ಸಮಯ ಇಲ್ಲ ಅನ್ನುವುದು ನೆಪ, ಎಲ್ಲರಿಗೂ ಇರುವುದು ಇಪ್ಪತ್ತನಾಲ್ಕೇ ಗಂಟೆ, ಅಂತ.

ಕೂಳೂರಿಗೆ ಒಮ್ಮೆ ಬನ್ನಿ ಮಾರಾಯ್ರೇ. ನಮ್ಮ ಮನೆಯಿಂದ ಇಳಿದರೆ ರಾಷ್ಟ್ರೀಯ ಹೆದ್ದಾರಿ 66. ಪಣಂಬೂರು ಬಂದರಿನ ಕಡೆಗೆ ಹೋಗುವ, ಬರುವ ಟ್ಯಾಂಕರು, ಟ್ರಕ್ಕುಗಳ ಸಾಲು. ನಡೆಯಲಿಕ್ಕೆ ಚಂದದ ಜಾಗ ಇಲ್ಲ ಅಂತ ಅಲ್ಲ. ಫಲ್ಗುಣಿ ನದಿಯ ಸೇತುವೆ ದಾಟಿ ಎಡಕ್ಕೆ ತಿರುಗಿದರೆ ತಣ್ಣೀರುಬಾವಿಯ ದಾರಿ, ಒಂದು ಬದಿಗೆ ಹೊಳೆ, ಮುಂದೆ ಕಡಲು. ಆದರೆ ಆ ಸೇತುವೆಯನ್ನು ಸಂಜೆ ಏಳಕ್ಕೆ ನಡೆದು ದಾಟುವುದೇ ಒಂದು ಸಾಹಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೇರೆ. ಇಂಥಲ್ಲಿ ನಡಿಗೆಗೂ ದುಡ್ಡು ಬೇಕಾಗುತ್ತದೆ. ನಾನು ತಿಂಗಳಿಗೆ ಒಂದೂವರೆ ಸಾವಿರ ಕೊಟ್ಟು ಜಿಮ್ ಸೇರಿ ಟ್ರೆಡ್‌ಮಿಲ್ ಮೇಲೆ ನಡೆದೆ. ನಮ್ಮ ಫ್ಲ್ಯಾಟಿನ ವಾಚ್‌ಮ್ಯಾನ್ ಹನ್ನೆರಡು ಗಂಟೆಯ ಪಾಳಿ ಮುಗಿಸಿ ಅದೇ ಹೆದ್ದಾರಿಯ ಅಂಚಿನಲ್ಲಿ ಮನೆಗೆ ನಡೆಯುತ್ತಾರೆ. ಅವರಿಗೂ ನನಗೂ ಒಂದೇ ಇಪ್ಪತ್ತನಾಲ್ಕು ಗಂಟೆ ಅಂತ ಹೇಳಲಿಕ್ಕೆ ನನ್ನ ಬಾಯಿ ಬರುವುದಿಲ್ಲ.

ಆದರೂ ನಾನು ಮಾಡಿದೆ. ಸಮಯ ಮಾಡಿಕೊಂಡೆ. ಬೆಳಿಗ್ಗೆ ಆರಕ್ಕೆ ಜಿಮ್. ಬರುವಷ್ಟರಲ್ಲಿ ರಾಗಿ ದೋಸೆ, ಬೇಯಿಸಿದ ಮೊಟ್ಟೆ. ಮಧ್ಯಾಹ್ನಕ್ಕೆ ಮೂರು ಡಬ್ಬಿ, ಒಂದರಲ್ಲಿ ಹೆಸರುಕಾಳಿನ ಉಸ್ಲಿ, ಒಂದರಲ್ಲಿ ಪಲ್ಯ, ಒಂದರಲ್ಲಿ ಹಣ್ಣು. ಸಂಜೆ ಕ್ಲೈಂಟ್ ಕಾಲ್ ಇಲ್ಲದ ದಿನ ಮತ್ತೆ ನಲವತ್ತು ನಿಮಿಷ ನಡಿಗೆ. ಆರು ತಿಂಗಳಲ್ಲಿ ಏಳು ಕಿಲೋ ಇಳಿದೆ, ಎಚ್‌ಬಿಎ1ಸಿ 5.6ಕ್ಕೆ ಬಂತು. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ನನ್ನ ಹಿಂದಿನ-ಈಗಿನ ಫೋಟೋ ಓಡಾಡಿತು. "ಶಿಸ್ತು ಅಂದ್ರೆ ಇದು" ಅಂತ ಮ್ಯಾನೇಜರ್ ಹೊಗಳಿದರು. ನಾನೂ ಹಾಗೆಯೇ ನಂಬಿದ್ದೆ.

ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಆ ವರ್ಷ ಸಂಗಾತಿಗಳಿಗೂ ಅವಕಾಶ ಇತ್ತು. ನನ್ನ ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಹೆರಿಗೆಯ ನಂತರ ಅವಳು ರಕ್ತಪರೀಕ್ಷೆ ಮಾಡಿಸಿದ್ದೇ ಇಲ್ಲ. ರಿಪೋರ್ಟ್ ಬಂತು. ಎಚ್‌ಬಿಎ1ಸಿ 6.1, ಹಿಮೋಗ್ಲೋಬಿನ್ 9.8. ಅವಳು ಅದನ್ನು ಓದಿ, ಮಡಚಿ, ಫ್ರಿಜ್ಜಿನ ಕಡೆ ನೋಡಿ ಕೇಳಿದಳು: "ನಿಮ್ಮ ಈ ತಟ್ಟೆಯಲ್ಲಿ ನನ್ನ ಊಟ ಎಲ್ಲಿ ಬರ್ತದೆ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿ ಕೇಳಿದ್ದು. ನನಗೆ ಉತ್ತರ ಗೊತ್ತಿರಲಿಲ್ಲ, ಯಾಕಂದರೆ ಅವಳು ಬೆಳಿಗ್ಗೆ ಏನು ತಿನ್ನುತ್ತಾಳೆ ಅಂತ ನಾನು ನೋಡಿಯೇ ಇರಲಿಲ್ಲ. ನಾನು ಜಿಮ್ಮಿಗೆ ಹೊರಡುವ ಮೊದಲೇ ಎದ್ದು ದೋಸೆ ಹಿಟ್ಟು ಕಲಸಿದವಳು ಅವಳು. ನನ್ನ ಮೂರು ಡಬ್ಬಿ, ಮಗಳ ಎರಡು ಡಬ್ಬಿ ತುಂಬಿದವಳು ಅವಳು. ತಾನು ನಿಂತಲ್ಲೇ ಚಹಾ ಕುಡಿದು, ಮಗಳು ಬಿಟ್ಟ ಅರ್ಧ ದೋಸೆ ಬಾಯಿಗೆ ಹಾಕಿಕೊಂಡು ಬಸ್ಸಿಗೆ ಓಡುತ್ತಿದ್ದಳು. ಸಂಜೆಯ ನನ್ನ ನಲವತ್ತು ನಿಮಿಷದ ನಡಿಗೆಯೂ, ಅವಳು ಮರುದಿನದ ತರಕಾರಿ ಹೆಚ್ಚುವ ಮೂವತ್ತೆಂಟು ನಿಮಿಷವೂ ಒಂದೇ ಹೊತ್ತಿನವು. ನಾನು ಸಮಯ ಮಾಡಿಕೊಂಡಿರಲಿಲ್ಲ. ಅವಳದ್ದನ್ನು ತೆಗೆದುಕೊಂಡಿದ್ದೆ.

ನಮ್ಮ ಮನೆಯೊಂದರ ಕಥೆ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುತ್ತಿದ್ದುದು ದಿನಕ್ಕೆ ಸರಾಸರಿ 299 ನಿಮಿಷ. ಮನೆಗೆಲಸ ಮಾಡುವ ಗಂಡಸರದ್ದು 97. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಬಿಡಿಸಿ ನೋಡಿದರೆ ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಐದು ಗಂಟೆ ಮನೆಗೆಲಸದಲ್ಲಿ ಕಳೆದವರಿಗೆ ಬೆವರು ಬರುವ ಒಂದು ನಡಿಗೆಗೆ ಅರ್ಧ ಗಂಟೆ ಸಿಗುವುದಿಲ್ಲ. ಈ ಎರಡು ಸಂಖ್ಯೆಗಳನ್ನು ಒಂದೇ ಪುಟದಲ್ಲಿ ಇಡುವ ಆರೋಗ್ಯ ಬರಹ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಅವು ಮಾತಾಡುವುದು ಒಬ್ಬಂಟಿ ಮನುಷ್ಯನ ಜೊತೆ. ಮನಸ್ಸು ಗಟ್ಟಿ ಮಾಡು, ಅಲಾರಂ ಇಡು, ಎದ್ದೇಳು. ಮನೆ ಅನ್ನುವುದು ನಾಲ್ಕು ಜನ ಹಂಚಿಕೊಂಡ ಒಂದೇ ಸಮಯ ಅಂತ ಅವಕ್ಕೆ ಗೊತ್ತಿಲ್ಲ.

ನಮ್ಮ ಉದ್ಯೋಗದಲ್ಲಿ ಎಸ್ಟಿಮೇಟ್ ಹಾಕುವಾಗ ಮೊದಲು ಕೇಳುವುದು, ಈ ಕೆಲಸ ಬೇರೆ ಯಾವ ಟೀಮಿನ ಮೇಲೆ ನಿಂತಿದೆ ಅಂತ. ಅದನ್ನು ಬರೆಯದ ಪ್ಲ್ಯಾನನ್ನು ಯಾರೂ ಒಪ್ಪುವುದಿಲ್ಲ. ಹತ್ತು ವರ್ಷದಿಂದ ಆಫೀಸಿನಲ್ಲಿ ಇದನ್ನೇ ಮಾಡುತ್ತಿರುವ ನಾನು ಮನೆಯ ಪ್ಲ್ಯಾನಿನಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ದೆ.

ಈಗ ಫ್ರಿಜ್ಜಿನ ಮೇಲಿನ ತಟ್ಟೆಯ ಪಕ್ಕ ಇನ್ನೊಂದು ಹಾಳೆ ಉಂಟು, ನಿಮಿಷದ್ದು. ಭಾನುವಾರ ಮತ್ತು ಬುಧವಾರ ರಾತ್ರಿ ತರಕಾರಿ ಹೆಚ್ಚುವುದು ನನ್ನ ಪಾಲು, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಪೌಷ್ಟಿಕಾಂಶ ಸ್ವಲ್ಪ ಹೋಗಬಹುದು, ಹೋಗಲಿ. ಪಲ್ಯ ಒಂದೇ, ಬಗೆ ಬಗೆ ಇಲ್ಲ. ಕಾಳು ನೆನೆಸಿ ಕುಕ್ಕರಿಗೆ ಹಾಕುವುದು ನನಗೆ ಬರುತ್ತದೆ, ಬಂಗುಡೆ ಮಾರ್ಕೆಟಿನಲ್ಲೇ ಕ್ಲೀನ್ ಮಾಡಿಸಿ ತಂದರೆ ಸಾರೂ ಬರುತ್ತದೆ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇದ್ದು ಮೀನಿನ ರೇಟು ಏರಿದಾಗ ಮೊಟ್ಟೆ, ಹುರುಳಿ. ಜಿಮ್ ಬಿಟ್ಟೆ. ಮೊದಲು ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷ ನಡೆದರೆ ಮಾತ್ರ ಲೆಕ್ಕ ಅಂತಿತ್ತು. 2020ರ ಸಲಹೆಯಲ್ಲಿ ಆ ಷರತ್ತು ತೆಗೆದುಹಾಕಿದ್ದಾರೆ, ತುಂಡು ತುಂಡಾಗಿ ಆದದ್ದೂ ಸೇರುತ್ತದೆ. ಈ ಒಂದು ಸಾಲು ರೀಲ್ಸ್‌ನಲ್ಲಿ ಬಂದರೆ ಎಷ್ಟು ಜನರಿಗೆ ಉಪಕಾರ ಆದೀತು! ನಾನು ಈಗ ಕಾಲ್‌ಗಳ ನಡುವೆ ಆಫೀಸಿನ ಮೆಟ್ಟಿಲು ಹತ್ತುತ್ತೇನೆ. ಜಿಮ್ಮಿನ ಆ ಒಂದೂವರೆ ಸಾವಿರಕ್ಕೆ ಇನ್ನಷ್ಟು ಸೇರಿಸಿ ಪಾತ್ರೆ ತೊಳೆಯಲಿಕ್ಕೆ ಒಬ್ಬರು ಬರುತ್ತಾರೆ. ಅವರ ವ್ಯಾಯಾಮ, ಅವರ ತಟ್ಟೆ ಯಾವ ಲೆಕ್ಕದಲ್ಲಿ ಬರುತ್ತದೆ ಅಂತ ನೀವು ಕೇಳಿದರೆ, ಆ ಪ್ರಶ್ನೆ ನನಗೂ ಬಂದಿದೆ. ಸರಿಯಾದ ಸಂಬಳ, ವಾರಕ್ಕೊಂದು ರಜೆ ಕೊಡುವುದರ ಆಚೆಗೆ ಉತ್ತರ ಸಿಕ್ಕಿಲ್ಲ.

ನನ್ನ ತೂಕ ಎರಡು ಕಿಲೋ ಮರಳಿ ಬಂದಿದೆ. ಎಚ್‌ಬಿಎ1ಸಿ 5.8. ವಾಟ್ಸಾಪ್ ಗುಂಪಿನಲ್ಲಿ ಹಾಕುವಂಥ ಫೋಟೋ ಇಲ್ಲ. ಶನಿವಾರ ಸಂಜೆ ಅವಳು ಗೆಳತಿಯ ಸ್ಕೂಟರಿನಲ್ಲಿ ತಣ್ಣೀರುಬಾವಿಗೆ ಹೋಗಿ ಕಡಲ ಬದಿಯಲ್ಲಿ ಒಂದು ಗಂಟೆ ನಡೆದು ಬರುತ್ತಾಳೆ. ಆಗ ಮಗಳೂ ನಾನೂ ಅಡುಗೆಮನೆಯಲ್ಲಿ ಇರುತ್ತೇವೆ. ಕಳೆದ ವಾರ ನಾನು ಹೆಚ್ಚಿದ ತೊಂಡೆಕಾಯಿ ನೋಡಿ, "ಅಪ್ಪಾ, ಇದು ತುಂಬಾ ದಪ್ಪ ಆಯ್ತು, ಅಮ್ಮ ಹೀಗೆ ಮಾಡುದಿಲ್ಲ" ಅಂದಳು. ಬೇಯಲಿಕ್ಕೆ ಆರು ನಿಮಿಷ ಹೆಚ್ಚು ಹಿಡಿಯಿತು. ಅದನ್ನೂ ಹಾಳೆಯಲ್ಲಿ ಬರೆದಿದ್ದೇನೆ.