ನಗಿಸುತ್ತಲೇ ಚುಚ್ಚುವ ಗೆಳೆಯರ ಕೂಟ

ಇಟಲಿಯ ಕಾರ್ಲೋ ವೆರ್ದೋನೆ ನಿರ್ದೇಶಿಸಿ ನಟಿಸಿದ 1988ರ ಚಿತ್ರ ‘ಕೊಂಪಾನ್ಯಿ ದಿ ಸ್ಕುವೊಲಾ’ ಹಾಸ್ಯಚಿತ್ರವೇನೋ ಹೌದು, ಆದರೆ ಅದರ ನಗು ಹಿತವಾದದ್ದಲ್ಲ. ಶಾಲೆ ಮುಗಿದು 15 ವರ್ಷಗಳಾದ ಮೇಲೆ ಫೆದೆರಿಕಾ ಹಳೆಯ ಸಹಪಾಠಿಗಳನ್ನು ತನ್ನ ಬಂಗಲೆಗೆ ಕರೆಯುತ್ತಾಳೆ. ಅಪ್ಪುಗೆ, ಗದ್ದಲ, ಅಡ್ಡಹೆಸರುಗಳ ಸಂಭ್ರಮ ಮುಗಿಯುತ್ತಿದ್ದಂತೆ ಒಬ್ಬೊಬ್ಬರದೇ ಬಣ್ಣ ಬಯಲಾಗುತ್ತದೆ.

ಸಹಪಾಠಿ ಫಾಬ್ರಿಸ್ ಬರುವ ದೃಶ್ಯವನ್ನೇ ನೋಡಿ. ವಯಸ್ಸಿಗೆ ಮೀರಿ ಮುಪ್ಪಾದಂತೆ ಕಾಣುವ ಅವನ ಗುರುತು ಯಾರಿಗೂ ಹತ್ತುವುದಿಲ್ಲ. ಗುರುತು ಹತ್ತಿದ ಮೇಲಂತೂ ಅವನ ರೂಪವನ್ನು ಮುಖದೆದುರೇ ಗೇಲಿ ಮಾಡುತ್ತಾರೆ. ನಾವೂ ನಕ್ಕುಬಿಡುತ್ತೇವೆ, ಮರುಕ್ಷಣವೇ ನಕ್ಕದ್ದಕ್ಕೆ ಮುಜುಗರಪಡುತ್ತೇವೆ. ಈ ಪಾತ್ರದಲ್ಲಿ ಫಾಬಿಯೋ ಟ್ರಾವೆರ್ಸಾ ಹೆಚ್ಚು ಮಾತಿಲ್ಲದೆ ಆ ಅವಮಾನವನ್ನು ಮುಖದಲ್ಲೇ ತೋರಿಸುತ್ತಾರೆ.

ವಿದ್ಯಾರ್ಥಿನಿಯನ್ನು ಪ್ರೀತಿಸುವ ವಿವಾಹಿತ ಮೇಷ್ಟ್ರಾಗಿ ವೆರ್ದೋನೆ, ಸಾಲದಲ್ಲಿ ಮುಳುಗಿದ ಗಾಯಕನಾಗಿ ಕ್ರಿಸ್ಟಿಯನ್ ದೆ ಸೀಕಾ. ಇವರಿಬ್ಬರೂ ನಿಜಜೀವನದಲ್ಲೂ ಸಹಪಾಠಿಗಳು! ದೊಡ್ಡ ತಾರಾಗಣವಿದ್ದರೂ ಯಾವ ಪಾತ್ರವೂ ಗುಂಪಿನಲ್ಲಿ ಕಳೆದುಹೋಗುವುದಿಲ್ಲ. ಅದೇ ಚಿತ್ರಕಥೆಯ ಹೆಚ್ಚುಗಾರಿಕೆ.

ನಿಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪುನರ್ಮಿಲನದ ಮಾತು ಎದ್ದಿದ್ದರೆ, ಹೊರಡುವ ಮೊದಲು ಈ ಚಿತ್ರವನ್ನೊಮ್ಮೆ ನೋಡಿ.