ನಲವತ್ತೆರಡು ಬಿಡಾರಗಳು

ಹೀಬ್ರೂ ಬೈಬಲ್ಲಿನ ನಾಲ್ಕನೆಯ ಪುಸ್ತಕವನ್ನು ಯೆಹೂದ್ಯರು ‘ಬಮಿದ್ಬಾರ್’ ಎನ್ನುತ್ತಾರೆ, ಮರುಭೂಮಿಯಲ್ಲಿ ಎಂದರ್ಥ. ಕನ್ನಡ ಬೈಬಲ್ಲಿನಲ್ಲಿ ಅದು ‘ಅರಣ್ಯಕಾಂಡ’. ರಾಮಾಯಣ ಕೇಳಿ ಬೆಳೆದವರ ಮನಸ್ಸಿನಲ್ಲಿ ಆ ಹೆಸರಿಗೆ ಮರ, ಹೊಳೆ, ಆಶ್ರಮಗಳು ಮೂಡುತ್ತವೆ. ಸೀನಾಯಿಯ ಬಿಸಿಲಿನಲ್ಲಿ ಅವೆಲ್ಲಿ? ಆದರೂ ಅನುವಾದ ಕೆಟ್ಟದ್ದೇನಲ್ಲ. ಮರಳು ತುಂಬಿದ್ದು ನಮಗೆ ಮರಳುಗಾಡು, ಬಿಸಿಲಿಗೆ ಬೆಂದದ್ದು ಬೆಂಗಾಡು, ಊರಲ್ಲದ್ದೆಲ್ಲ ಕಾಡೇ. ‘ಮಿದ್ಬಾರ್’ ಕೂಡ ಅಂಥದೇ ಮಾತು: ಯಾರೂ ಬಿತ್ತದ, ನೆಲೆಸದ, ಮಂದೆಗಳಷ್ಟೇ ಹಾಯುವ ನೆಲ.

ಈ ಪುಸ್ತಕದ 33ನೆಯ ಅಧ್ಯಾಯ ಮೇಲುನೋಟಕ್ಕೆ ಬರೀ ಪಟ್ಟಿ. ಈಜಿಪ್ಟಿನ ದಾಸ್ಯ ಬಿಟ್ಟು ರಾಮ್ಸೇಸಿನಿಂದ ಹೊರಟ ಇಸ್ರಾಯೇಲರು 40 ವರ್ಷಗಳ ಬಳಿಕ ಯೆರಿಕೋವಿನ ಎದುರಿಗೆ, ಯೊರ್ದಾನ್ ಹೊಳೆಯ ದಂಡೆಯ ಮೋವಾಬಿನ ಬಯಲಿಗೆ ಬಂದು ತಂಗುವವರೆಗೆ ಇಳಿದುಕೊಂಡ 42 ಜಾಗಗಳ ಹೆಸರುಗಳು. ಎರಡೇ ಕ್ರಿಯಾಪದಗಳು ಸುತ್ತಿ ಸುತ್ತಿ ಬರುತ್ತವೆ: ಹೊರಟರು, ಇಳಿದುಕೊಂಡರು. ಹಾರಿಸಿ ಓದಲು ಇದಕ್ಕಿಂತ ಸುಲಭವಾದ ಪುಟಗಳಿಲ್ಲ. ಆದರೆ ಮರುಭೂಮಿಯ ಇಡೀ ಕಥನದಲ್ಲಿ ಅತ್ಯಂತ ಕರುಣೆಯ ಬರಹ ಇದೇ ಎಂದು ನಾನು ನಂಬಿದ್ದೇನೆ.

ಮೊದಲು ಇದರ ಸಮದೃಷ್ಟಿಯನ್ನು ನೋಡಬೇಕು. ಸೀನಾಯಿ ಬೆಟ್ಟದಲ್ಲಿ ಧರ್ಮಶಾಸ್ತ್ರ ದೊರೆಯಿತು. ಯೆಹೂದ್ಯರ ನೆನಪಿನಲ್ಲಿ ಅದಕ್ಕಿಂತ ದೊಡ್ಡ ಗಳಿಗೆಯಿಲ್ಲ. ಪಟ್ಟಿ ಅದನ್ನು ಹೇಳುವುದೇ ಇಲ್ಲ. ಅಲ್ಲಿಗೆ ಬಂದರು, ಅಲ್ಲಿಂದ ಹೊರಟರು, ಅಷ್ಟೆ. ಅಲ್ಲಿ ಜನ ಪೂಜಿಸಿದ ಚಿನ್ನದ ಕರುವಿನ ಅವಮಾನವೂ ಇಲ್ಲ. ಏಲೀಮಿನ 12 ಒರತೆಗಳಿಗೂ 70 ಖರ್ಜೂರದ ಮರಗಳಿಗೂ ಜಾಗವಿದೆ; ರೆಫೀದೀಮಿನಲ್ಲಿ ಕುಡಿಯಲು ನೀರಿರಲಿಲ್ಲ ಎಂಬ ಮಾತಿಗೂ ಜಾಗವಿದೆ. ನೀರು ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂದು ನೆನಪಿಡುವುದು ನಡೆದು ದಣಿದವರ ಮನಸ್ಸು.

ಇನ್ನು ನಡುವಿನ ಹೆಸರುಗಳು. ಮುಂದೆ ಹೋಗಿ ನೋಡಿಬಂದ ಗೂಢಚಾರರ ಮಾತಿಗೆ ಬೆದರಿ, ದೇವರು ಕೊಡುವೆನೆಂದಿದ್ದ ಕಾನಾನ್ ದೇಶಕ್ಕೆ ಕಾಲಿಡಲು ಒಲ್ಲೆನೆಂದ ತಲೆಮಾರಿಗೆ ಮರುಭೂಮಿಯಲ್ಲೇ ಸಾಯುವ ತೀರ್ಪು ಬಂತು. ಆ ದೀರ್ಘ ವರ್ಷಗಳ ಬಗ್ಗೆ ಪುಸ್ತಕ ಹೆಚ್ಚುಕಡಿಮೆ ಮೌನವಾಗಿದೆ. ಪಟ್ಟಿ ಮಾತ್ರ ಮೌನವಾಗಿಲ್ಲ. ಹರಾದಾ, ಮಖೇಲೋತ್, ತಾಹತ್, ಮಿತ್ಕಾ... ಇವುಗಳಲ್ಲಿ ಹಲವು ಹೆಸರುಗಳು ಬೈಬಲ್ಲಿನಲ್ಲಿ ಬೇರೆಲ್ಲೂ ಬರುವುದಿಲ್ಲ. ಬಹುಪಾಲು ತಾಣಗಳನ್ನು ಇಂದಿನ ನಕ್ಷೆಯಲ್ಲಿ ಖಚಿತವಾಗಿ ಗುರುತಿಸಲೂ ಆಗಿಲ್ಲ. ಹೊರಟು, ತಲುಪದೆ ಹೋದವರಿಗೆ ಉಳಿದಿರುವ ಸ್ಮಾರಕ ಇಷ್ಟೇ.

ಈ ಪಟ್ಟಿ ಏಕೆ ಎಂಬ ಪ್ರಶ್ನೆ ಹಳೆಯದು. 12ನೆಯ ಶತಮಾನದ ಯೆಹೂದ್ಯ ತತ್ತ್ವಜ್ಞಾನಿ ಮೈಮೋನಿಡಿಸ್ ತನ್ನ ‘ದಿಗ್ಭ್ರಾಂತರ ಮಾರ್ಗದರ್ಶಿ’ಯಲ್ಲಿ ಕೊಟ್ಟ ಉತ್ತರ ತಾರ್ಕಿಕವಾದದ್ದು: ಅವರು ಊರುಗಳ ಪಕ್ಕದಲ್ಲೋ ಬೆಳೆ ಬರುವ ನೆಲದಲ್ಲೋ ಇದ್ದಿರಬೇಕೆಂದು ಮುಂದಿನವರು ಅವರು ಮರುಭೂಮಿಯಲ್ಲಿ ಬದುಕುಳಿದ ಪವಾಡವನ್ನು ಶಂಕಿಸಬಾರದು, ಅದಕ್ಕೆ ಹೆಸರುಗಳ ಸಾಕ್ಷ್ಯ. ಈ ವಾದದಲ್ಲಿ ಪಟ್ಟಿ ನ್ಯಾಯಾಲಯದ ದಾಖಲೆಯಾಗುತ್ತದೆ. ಸಾಕ್ಷಿಯೆಂದು ಹಿಡಿದರೆ ಅದು ಗಟ್ಟಿಯಾಗಿಯೂ ನಿಲ್ಲದು. ಜನರನ್ನು ಮುನ್ನಡೆಸಿದ ಮೋಶೆಯ ಅಣ್ಣ ಆರೋನ ಸತ್ತದ್ದು ಹೋರ್ ಬೆಟ್ಟದಲ್ಲಿ ಎನ್ನುತ್ತದೆ ಪಟ್ಟಿ. ಮುಂದಿನ ಪುಸ್ತಕವಾದ ಧರ್ಮೋಪದೇಶಕಾಂಡ ಮೋಸೇರ ಎನ್ನುತ್ತದೆ, ಅಲ್ಲಿ ತಾಣಗಳ ಕ್ರಮವೂ ಬೇರೆ.

ಫ್ರಾನ್ಸಿನ ತ್ರ್ವಾದಲ್ಲಿದ್ದ ಬೈಬಲ್ ವ್ಯಾಖ್ಯಾನಕಾರ ರಾಶಿ (1040–1105) ಇನ್ನೂ ಆಳಕ್ಕೆ ಇಳಿದ. ಹಿಂದಿನ ವಿದ್ವಾಂಸರೊಬ್ಬರ ಲೆಕ್ಕವನ್ನು ಆತ ಮುಂದಿಡುತ್ತಾನೆ: 42ರಲ್ಲಿ 14 ಮೊದಲ ವರ್ಷದವು, 8 ಕೊನೆಯ ವರ್ಷದವು, ನಡುವಿನ 38 ವರ್ಷಗಳಲ್ಲಿ 20 ಪಯಣಗಳು ಮಾತ್ರ. ಅಂದರೆ ದೇವರು ಅವರನ್ನು ಬಿಡುವಿಲ್ಲದೆ ಅಲೆಸಲಿಲ್ಲ. ಶಿಕ್ಷೆಯೊಳಗೂ ವಿಶ್ರಾಂತಿ ಇತ್ತು, ಒಲೆ ಹೂಡಿ ಮಕ್ಕಳನ್ನು ಬೆಳೆಸುವಷ್ಟು ಕಾಲ ಇತ್ತು. ಜೊತೆಗೆ ಬೈಬಲ್ಲನ್ನು ಕಥೆಗಳ ಮೂಲಕ ವಿವರಿಸುವ ಮಿದ್ರಾಷ್ ಪರಂಪರೆಯ ಒಂದು ಕಥೆಯನ್ನೂ ರಾಶಿ ನೆನೆಯುತ್ತಾನೆ. ಕಾಯಿಲೆಯ ಮಗನನ್ನು ರಾಜ ದೂರದೂರಿಗೆ ಕರೆದೊಯ್ದು ಗುಣಪಡಿಸಿ ತರುತ್ತಾನೆ. ಮರಳುವ ದಾರಿಯಲ್ಲಿ ಇಲ್ಲಿ ಮಲಗಿದ್ದೆವು, ಇಲ್ಲಿ ನಿನಗೆ ತಲೆನೋವು ಬಂದಿತ್ತು ಎಂದು ಒಂದೊಂದೇ ತೋರಿಸುತ್ತಾನೆ. ಪಟ್ಟಿಯ ದನಿಯನ್ನು ಇಷ್ಟು ಸರಿಯಾಗಿ ಕೇಳಿಸಿಕೊಂಡ ವ್ಯಾಖ್ಯಾನ ನನಗೆ ಬೇರೆ ಕಂಡಿಲ್ಲ. ಸಿನಗಾಗ್‌ಗಳ ರೂಢಿಯೂ ಈ ದನಿಯನ್ನು ಬಲ್ಲದು. ಕೆಲವು ಸಮುದಾಯಗಳಲ್ಲಿ ಈ ಹೆಸರುಗಳನ್ನು ವಿಶೇಷ ರಾಗದಲ್ಲಿ ಓದುತ್ತಾರೆ. 42 ಮುಗಿಯುವ ತನಕ ನಡುವೆ ನಿಲ್ಲಿಸಬಾರದೆಂಬ ಪದ್ಧತಿಯೂ ಇದೆ.

ಇಷ್ಟಾದರೂ ಪಟ್ಟಿಯ ಕಣ್ಣು ಒಂದು ಕಡೆ ತಪ್ಪಿದೆ. ಆರೋನನ ಸಾವಿಗೆ ತಿಂಗಳು, ದಿನ, 123 ವರ್ಷದ ವಯಸ್ಸು ಎಲ್ಲವೂ ದಾಖಲಾಗಿದೆ. ಅವನ ಅಕ್ಕ ಮಿರ್ಯಾಮಳು ಕಾದೇಶಿನಲ್ಲಿ ಸತ್ತಳು. ಪಟ್ಟಿ ಕಾದೇಶನ್ನು ಹೆಸರಿಸಿ ಅವಳನ್ನು ಬಿಟ್ಟು ಮುಂದೆ ಹೋಗುತ್ತದೆ. ಮರುಭೂಮಿಯಲ್ಲಿ ಜನರ ಜೊತೆಗೇ ಸಾಗಿದ ಬಾವಿ ಅವಳ ಪುಣ್ಯದಿಂದ ಬಂದದ್ದೆಂದು ಯೆಹೂದ್ಯರ ಧರ್ಮಗ್ರಂಥವಾದ ತಾಲ್ಮುಡ್ ಹೇಳಿ ಈ ಕೊರತೆಯನ್ನು ತುಂಬಿತು. ಈಚಿನ ದಶಕಗಳಲ್ಲಿ ಕೆಲವು ಮನೆಗಳು ಈಜಿಪ್ಟಿನ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದ ಊಟದ ಮೇಜಿನ ಮೇಲೆ ಅವಳ ಹೆಸರಿನಲ್ಲಿ ನೀರಿನ ಬಟ್ಟಲು ಇಡುತ್ತಿವೆ. ಮೂಲ ಮರೆತದ್ದನ್ನು ಪರಂಪರೆ ನೆನಪಿಟ್ಟಿದೆ.

ಇದಕ್ಕಿಂತ ಕಠಿಣವಾದದ್ದು ಅಧ್ಯಾಯದ ಕೊನೆ. ಪಟ್ಟಿ ಮುಗಿಯುತ್ತಲೇ ಕಾನಾನಿನ ನಿವಾಸಿಗಳನ್ನು ಹೊರಗಟ್ಟಬೇಕೆಂಬ ಆಜ್ಞೆ ಬರುತ್ತದೆ. 40 ವರ್ಷ ನೆಲೆಯಿಲ್ಲದವರ ಕಷ್ಟವನ್ನು ಹೆಜ್ಜೆ ಹೆಜ್ಜೆಗೂ ಬರೆದಿಟ್ಟ ಪುಟ, ಇತರರ ನೆಲೆ ಕಳೆಯುವುದನ್ನು ಇಷ್ಟು ನಿರಾಳವಾಗಿ ಹೇಳುವುದು ನನ್ನನ್ನು ಕಾಡುತ್ತದೆ. ಬಿಡಾರಗಳಲ್ಲಿ ಕಲಿತದ್ದನ್ನು ಪಠ್ಯ ಹೊಳೆಯ ದಂಡೆಯಲ್ಲೇ ಮರೆಯುತ್ತದೆ.

ಹಾಗಾಗಿ ನಾನು ಮತ್ತೆ ನಡುವಿನ ಹೆಸರುಗಳಿಗೇ ಮರಳುತ್ತೇನೆ. ಆರಂಭದಲ್ಲಿ ಮಾರಾ ಇದೆ, ಕಹಿ ಎಂದರ್ಥ. ಅಲ್ಲಿಯ ನೀರು ಕುಡಿಯಲಾಗದಷ್ಟು ಕಹಿಯಾಗಿದ್ದ ಕಥೆ ಬೈಬಲ್ಲಿನಲ್ಲಿದೆ. ಬಹಳ ದೂರದಲ್ಲಿ, ಶಿಕ್ಷೆಯ ವರ್ಷಗಳ ನಟ್ಟನಡುವೆ, ಮಿತ್ಕಾ ಇದೆ. ಸಿಹಿ ಎಂಬ ಅರ್ಥದ ಧಾತು ಅದರೊಳಗಿದೆ. ಅಲ್ಲೇನು ನಡೆಯಿತೆಂದು ಯಾರೂ ಬರೆದಿಲ್ಲ. ತಲುಪಲಾರೆವೆಂದು ತಿಳಿದಿದ್ದ ಜನ ಅಲ್ಲಿ ಇಳಿದುಕೊಂಡರು, ಅಲ್ಲಿಂದ ಹೊರಟರು.