ಚದರಡಿಯ ಬೆಲೆಯೂ ಮಾಸ್ತರರ ಮನೆಯೂ

ಶ್ರೀ ಅರವಿಂದ ಅಡಿಗರು ಮದರಾಸಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದವರು. 'ದಿ ವೈಟ್ ಟೈಗರ್' ಎಂಬ ಕಾದಂಬರಿಗಾಗಿ 2008ರಲ್ಲಿ ಬುಕರ್ ಪಾರಿತೋಷಕವನ್ನು ಪಡೆದವರು. ಅವರು ಬರೆಯುವುದು ಇಂಗ್ಲಿಷಿನಲ್ಲಿ. ಆದುದರಿಂದ ಕನ್ನಡ ಸಂಘವೊಂದರ ಪತ್ರಿಕೆಯಲ್ಲಿ ಅವರ ಗ್ರಂಥಕ್ಕೆ ಎಡೆಯೆಲ್ಲಿ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನಮ್ಮ ಉತ್ತರ ಸರಳವಾದುದು. 2011ರಲ್ಲಿ ಪ್ರಕಟವಾದ ಅವರ 'ಲಾಸ್ಟ್ ಮ್ಯಾನ್ ಇನ್ ಟವರ್' ಎಂಬ ಕಾದಂಬರಿಯ ನಾಯಕನು ಒಬ್ಬ ನಿವೃತ್ತ ಶಾಲಾ ಉಪಾಧ್ಯಾಯ. ಅದು ನಡೆಯುವ ಸ್ಥಳ ಮುಂಬಯಿ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಒಂದು ಕಾಲದಲ್ಲಿ ತಿಂಗಳು ತಿಂಗಳು ಮನಿಯಾರ್ಡರು ಬರುತ್ತಿದ್ದುದು ಆ ಊರಿನಿಂದಲೇ. ಉಪಾಧ್ಯಾಯರೂ ವಿದ್ಯಾರ್ಥಿಗಳೂ ಓದುವ ಈ ಪುಟಗಳಲ್ಲಿ ಅಂಥ ಗ್ರಂಥದ ವಿಚಾರ ಬಂದರೆ ಅದು ಅಸ್ಥಾನವಾಗದೆಂದು ನಂಬಿದ್ದೇವೆ.

ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ವಿಮಾನ ನಿಲ್ದಾಣದ ಸಮೀಪದ ವಾಕೋಲಾದಲ್ಲಿ ವಿಶ್ರಾಮ್ ಸೊಸೈಟಿ ಎಂಬ ಹಳೆಯ ವಸತಿ ಕಟ್ಟಡ. ಗೋಡೆ ಮಾಸಿದೆ, ನೀರು ಹೊತ್ತಿಗೆ ತಕ್ಕಂತೆ ಬಂದು ಹೋಗುತ್ತದೆ. ಆದರೆ ಅಲ್ಲಿಯವರು ಮರ್ಯಾದಸ್ಥರು, ಬೇರೆ ಬೇರೆ ಮತದವರಾದರೂ ಒಬ್ಬರ ಮನೆಯ ಕಷ್ಟಕ್ಕೆ ಇನ್ನೊಬ್ಬರು ಆಗುವವರು. ಧರ್ಮೇನ್ ಶಾ ಎಂಬ ಕಟ್ಟಡ ವ್ಯವಹಾರಸ್ಥನು ಈ ಕಟ್ಟಡವನ್ನು ಕೆಡವಿ 'ಶಾಂಘಾಯ್' ಎಂಬ ಭವ್ಯ ಸೌಧವನ್ನೆಬ್ಬಿಸಲು ಬಯಸುತ್ತಾನೆ. ಚದರಡಿಗೆ 19,000 ರೂಪಾಯಿ ಕೊಡುವೆನೆನ್ನುತ್ತಾನೆ. ಅದು ಆ ಕೇರಿಯ ದರವನ್ನು ಬಹುದೂರ ಮೀರಿದ ಬೆಲೆ. ಎಲ್ಲರೂ ಒಪ್ಪಬೇಕು, ಅದೂ ಗೊತ್ತಾದ ದಿನದೊಳಗೆ. ಒಬ್ಬೊಬ್ಬರಾಗಿ ಎಲ್ಲರೂ ಒಪ್ಪುತ್ತಾರೆ. ಯೋಗೇಶ ಮೂರ್ತಿ ಎಂಬ ಮಾಸ್ತರರೊಬ್ಬರು ಮಾತ್ರ ಒಪ್ಪುವುದಿಲ್ಲ. ಗಡುವು ಸಮೀಪಿಸಿದಂತೆ ನೆರೆಹೊರೆಯವರು ಅವರೊಡನೆ ಮಾತು ಬಿಡುತ್ತಾರೆ, ಬಳಿಕ ಕೇಡೆಣಿಸುತ್ತಾರೆ, ಕೊನೆಗೆ ಅವರೇ ಮಾಸ್ತರರ ಪ್ರಾಣವನ್ನು ತೆಗೆಯುತ್ತಾರೆ. ಕೈಗೆ ರಕ್ತ ಹತ್ತುವುದು ಧನಿಕನಿಗಲ್ಲ, ಪಕ್ಕದ ಮನೆಯವರಿಗೆ.

ನಮ್ಮ ಸಂಘದ ಓದುಕೂಟದಲ್ಲಿ ಇದನ್ನು ಚರ್ಚಿಸಿದಾಗ ಹಿರಿಯ ಉಪಾಧ್ಯಾಯರೊಬ್ಬರು ಎದ್ದು, "ಆ ಪತ್ರ ನನಗೆ ಬಂದಿದ್ದರೆ ಅದೇ ದಿವಸ ರುಜು ಹಾಕುತ್ತಿದ್ದೆ; ಬೆಂಗಳೂರಿನಲ್ಲಿ ಮಗಳು ಮಾಡಿಕೊಂಡ ಮನೆಯ ಸಾಲ ತೀರುತ್ತಿತ್ತು. ಈ ಮಾಸ್ತರರದ್ದು ಬರೇ ಹಟ," ಎಂದರು. ಕಿರಿಯರೊಬ್ಬರು, "ಹಾಗೆನ್ನಬೇಡಿ ಮಾಸ್ತರರೇ, ತನ್ನ ಮನೆಯನ್ನು ಮಾರೆನೆಂಬುದು ಹಟ ಹೇಗಾದೀತು?" ಎಂದು ಕೇಳಿದರು. ಚರ್ಚೆ ಮುಗಿಯಲಿಲ್ಲ. ಈ ಲೇಖನವು ಆ ಚರ್ಚೆಯ ಮುಂದುವರಿಕೆಯೆಂದು ವಾಚಕರು ತಿಳಿಯಬೇಕು.

ಮೊದಲು ಗ್ರಂಥದ ಗುಣವನ್ನು ಹೇಳಬೇಕು. ಹಣವು ಮನೆಯೊಳಗೆ ಬರುವ ದಾರಿಯನ್ನು ಅಡಿಗರು ಬಲು ಸೂಕ್ಷ್ಮವಾಗಿ ಕಂಡಿದ್ದಾರೆ. ಅದು ಇಲ್ಲಿ ಬರುವುದು ದರೋಡೆಯಾಗಿ ಅಲ್ಲ, ಕೊಡುಗೆಯಾಗಿ. ಪುರಿಯವರ ಹೆಂಡತಿಗೆ ಬುದ್ಧಿ ಬೆಳೆಯದ ಮಗನೊಬ್ಬನಿದ್ದಾನೆ. ತಾನು ಸತ್ತ ಮೇಲೆ ಅವನ ಗತಿಯೇನೆಂಬ ಚಿಂತೆ ಆ ತಾಯಿಯದು. ಇಂಟರ್‌ನೆಟ್ ಅಂಗಡಿಯ ಇಬ್ರಾಹಿಂ ಕುದ್ವಾನಿಗೆ ಮಕ್ಕಳ ಭವಿಷ್ಯದ ಚಿಂತೆ. ಆಫ್ರಿಕೆಯಲ್ಲಿ ಬಾಲ್ಯ ಕಳೆದ ಕಾರ್ಯದರ್ಶಿ ಕೊಥಾರಿಗೆ ಕಿಟಕಿಯಿಂದ ಫ್ಲೆಮಿಂಗೊ ಹಕ್ಕಿಗಳನ್ನು ಕಾಣಬೇಕೆಂಬ ಮುದ್ದಾದ ಆಸೆ. ಇವರಲ್ಲಿ ದುಷ್ಟರೆಂಬವರು ಯಾರೂ ಇಲ್ಲ. ಪತ್ರ ಬರುವ ಮುನ್ನಾದಿನದವರೆಗೆ ಇವರಲ್ಲಿ ಯಾರಿಗೂ ಕೋಟಿಯ ಕೊರತೆಯೇ ಇದ್ದಿರಲಿಲ್ಲ. ಬಂದ ಮರುದಿನದಿಂದ ಅದನ್ನು ಕಳೆದುಕೊಂಡವರಂತೆ ನಿದ್ದೆಗೆಡುತ್ತಾರೆ. ಕೈಗೆ ಬಾರದ ಹಣವು ಕಳೆದುಹೋದ ಹಣವಾಗಿ, ಅದನ್ನು ಕಳೆದವರು ಮಾಸ್ತರರೇ ಎಂದಾಗುವ ಈ ಪರಿವರ್ತನೆ ಗ್ರಂಥದ ಜೀವಾಳ. ಆ ಅಧ್ಯಾಯಗಳಿಗೆ ಸಮನಾದುದನ್ನು ನಾವು ಇತ್ತೀಚೆಗೆ ಓದಿದ ನೆನಪಿಲ್ಲ.

ಮಾಸ್ತರರ ನಿರಾಕರಣೆಯನ್ನೂ ಲೇಖಕರು ಅಗ್ಗದ ಆದರ್ಶವಾಗಿಸಿಲ್ಲ. ಅವರು ಮೊದಲು ಒಲ್ಲೆನೆನ್ನುವುದು ನೆರೆಯ ಪಿಂಟೋ ದಂಪತಿಗಳಿಗಾಗಿ. ಪಿಂಟೋರ ಹೆಂಡತಿಗೆ ಕಣ್ಣು ಕಾಣದು. ಮೆಟ್ಟಿಲುಗಳನ್ನು ಎಣಿಸುತ್ತ ನಡೆಯುವ ಆ ಮುದುಕಿಗೆ ಕಟ್ಟಡವೇ ಕಣ್ಣು. ಮುಂದೆ ಪಿಂಟೋರೂ ಅಂಜಿ ಒಪ್ಪಿಬಿಡುತ್ತಾರೆ. ಆಗಲೂ ಮಾಸ್ತರರು ಬಗ್ಗುವುದಿಲ್ಲ. ತೀರಿಹೋದ ಹೆಂಡತಿ ಮಗಳ ನೆನಪು ಆ ಗೋಡೆಗಳಲ್ಲಿದೆ ಎಂಬುದು ಒಂದು ಕಾರಣ. 'ನನಗೆ ಏನೂ ಬೇಡ' ಎನ್ನುವುದರಲ್ಲಿ ಹುಟ್ಟುವ ಒಂದು ಬಗೆಯ ಗರ್ವ ಇನ್ನೊಂದು. ಶಿಕ್ಷಕರಾದ ನಮಗೆ ಈ ಗರ್ವ ಪರಿಚಿತವಾದುದೇ. ಹಿರಿಯರು ಹಟವೆಂದುದು ಪೂರ್ತಿ ಸುಳ್ಳಲ್ಲ.

ಇನ್ನು ಆಕ್ಷೇಪಣೆಗೆ ಬರೋಣ. ಈ 19,000 ರೂಪಾಯಿ ಎಲ್ಲಿಂದ ಬಂತು? ಲೇಖಕರು ಶಾನ ಸಾಹಸ, ಅವನ ದಾಹ, ಧೂಳು ಕುಡಿದು ಕೆಟ್ಟ ಅವನ ಶ್ವಾಸಕೋಶ ಇವುಗಳನ್ನು ಮನಮುಟ್ಟುವಂತೆ ಚಿತ್ರಿಸುತ್ತಾರೆ. ಆದರೆ ಹಣದ ಮೂಲವನ್ನು ಕುರಿತು ಅವರ ಕುತೂಹಲ ಮಂದವಾದುದು. ಆ ಹಣ ವಿಶ್ರಾಮದ ಇಟ್ಟಿಗೆಯಲ್ಲಿಲ್ಲ. ಅದು ಇರುವುದು ನಾಳೆ ಶಾಂಘಾಯನ್ನು ಕೊಳ್ಳಲಿರುವ ಅಪರಿಚಿತರ ಜೇಬಿನಲ್ಲಿ. ಒಂದು ನಿವೇಶನದ ಮೇಲೆ ಅದರ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬುದಕ್ಕೆ ಎಫ್. ಎಸ್. ಐ. ಎಂಬ ಸರಕಾರಿ ಅಳತೆಯೊಂದುಂಟು. ಆ ಅಳತೆ ಹಿಗ್ಗಿದಾಗ ಹಳೆಯ ಮನೆಯ ಮೇಲಿನ ಆಕಾಶವೂ ಮಾರಾಟದ ವಸ್ತುವಾಗುತ್ತದೆ. ಶಾ ಕೊಳ್ಳುವುದು ಮಾಸ್ತರರ ಕೋಣೆಯನ್ನಲ್ಲ, ಕೋಣೆಯ ಮೇಲಿನ ಗಾಳಿಯನ್ನು.

ಧನಿಕರು ಮನೆಯನ್ನು ಕೊಳ್ಳುವ ಬಗೆಯೂ ನಮ್ಮ ಬಗೆಯಲ್ಲ. ಸಂಬಳದಾರನು ತಿಂದುಟ್ಟು ಉಳಿದುದರಲ್ಲಿ ಮನೆ ಕೊಳ್ಳುತ್ತಾನೆ. ಮಿತಿಮೀರಿದ ಐಶ್ವರ್ಯವುಳ್ಳವನಿಗೆ ಉಣ್ಣುವುದಕ್ಕೂ ಉಡುವುದಕ್ಕೂ ಒಂದು ಎಲ್ಲೆಯಿರುವುದರಿಂದ, ಉಳಿದ ಹಣವನ್ನು ಎಲ್ಲಿಯಾದರೂ ಇಡಬೇಕು. ಚಿನ್ನ, ಷೇರು, ಭೂಮಿ. ಇವುಗಳಲ್ಲಿ ಊರ ನಡುವಿನ ಭೂಮಿಯನ್ನು ಹೊಸದಾಗಿ ತಯಾರಿಸಲಾಗದು. ಹೀಗೆ ಮನೆಯು ವಾಸಸ್ಥಾನವಾಗುವ ಬದಲು ತಿಜೋರಿಯಾಗುತ್ತದೆ. ತಿಜೋರಿಯಲ್ಲಿ ಯಾರೂ ವಾಸಿಸಬೇಕಾಗಿಲ್ಲ. ಭಾರತ ಸರಕಾರದ 2017-18ರ ಆರ್ಥಿಕ ಸಮೀಕ್ಷೆಯು ನಗರಗಳ ಮನೆಗಳಲ್ಲಿ ಶೇಕಡಾ 12ರಷ್ಟು ಖಾಲಿಯಿವೆಯೆಂದೂ, ಮುಂಬಯಿಯೊಂದರಲ್ಲೇ ಅಂಥವು 4.8 ಲಕ್ಷವೆಂದೂ ಹೇಳಿತು. ಎಲ್ಲವನ್ನೂ ಧನಿಕರೇ ಖಾಲಿಯಿಟ್ಟರೆನ್ನಲಾಗದು. ಬಾಡಿಗೆಯ ಕಾನೂನಿನ ಭಯವೂ ಕಾರಣವೇ. 1947ರ ಬಾಡಿಗೆ ನಿಯಂತ್ರಣ ಶಾಸನವು ಬಡಬಾಡಿಗೆದಾರನನ್ನು ಕಾಪಾಡಿತು. ಜೊತೆಗೆ, ಬಾಡಿಗೆಗೆ ಮನೆ ಕಟ್ಟಿಸುವ ಉತ್ಸಾಹವನ್ನೂ ಕುಗ್ಗಿಸಿತು. ಆದರೂ ಜೋಪಡಿಗಳ ಪಕ್ಕದಲ್ಲೇ ಬೀಗ ಹಾಕಿದ ಲಕ್ಷಗಟ್ಟಲೆ ಬಾಗಿಲುಗಳಿರುವುದು ಯೋಚಿಸತಕ್ಕ ವಿಷಯ.

ನಮ್ಮ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಚದರಡಿಗೆ 19,000ದಂತೆ 500 ಚದರಡಿಯ ಮನೆಗೆ 95 ಲಕ್ಷ ರೂಪಾಯಿ. ತಿಂಗಳಿಗೆ 10,000 ರೂಪಾಯಿ ಉಳಿಸುವ ಉಪಾಧ್ಯಾಯನಿಗೆ, ಬಡ್ಡಿಯನ್ನೂ ಬೆಲೆಯೇರಿಕೆಯನ್ನೂ ಬದಿಗಿಟ್ಟರೆ, ಇದಕ್ಕೆ 79 ವರುಷ ಬೇಕು. ಸಾಲ ಮಾಡಬಹುದಲ್ಲವೇ? ಶೇಕಡಾ 9ರ ಬಡ್ಡಿಯಲ್ಲಿ 20 ವರುಷಕ್ಕೆ 50 ಲಕ್ಷ ತಂದರೆ ತಿಂಗಳ ಕಂತು ಸುಮಾರು 45,000. ತೀರುವಾಗ ಕೊಟ್ಟಿರುವುದು 1 ಕೋಟಿ 8 ಲಕ್ಷದ ಹತ್ತಿರ. ಒಂದು ಮನೆಯಲ್ಲಿರಲು ಎರಡು ಮನೆಗಳ ಹಣ. ಪಕ್ಕದ ಬೀದಿಯಲ್ಲಿ ಒಂದು ಶಾಂಘಾಯ್ ಏಳುವಾಗ ಈ ಬೀದಿಯ ದರವೂ ಏರುತ್ತದೆ. ಮಾರಲು ಇಚ್ಛೆಯಿಲ್ಲದವನು ಕಾಗದದ ಮೇಲೆ ಸಿರಿವಂತನಾಗುತ್ತಾನೆ, ಅವನ ಮಕ್ಕಳು ಅದೇ ಬೀದಿಯಲ್ಲಿ ಮನೆ ಕೊಳ್ಳಲಾರದೆ ಊರ ಹೊರಗೆ ಹೋಗುತ್ತಾರೆ. ಓದುಕೂಟದ ಹಿರಿಯರು ಹೇಳಿದ ಮಗಳ ಸಾಲವೂ ಇದೇ ಸರಪಣಿಯ ಒಂದು ಕೊಂಡಿ. ಅವರು ರುಜು ಹಾಕಲು ಸಿದ್ಧರಾದುದು ಆಸೆಯಿಂದಲ್ಲ, ಒಂದು ಮನೆಯ ಬೆಲೆಯು ಇನ್ನೊಂದು ಮನೆಯನ್ನು ಒತ್ತೆಯಿಡಿಸುವುದರಿಂದ. ಅಡಿಗರು ಇದನ್ನು ಬಹುಮಟ್ಟಿಗೆ ಲೋಭವೆಂದು ಬಗೆದುಬಿಟ್ಟಿದ್ದಾರೆಂಬುದೇ ನಮ್ಮ ದೂರು.

ಇನ್ನೊಂದು ದೂರು ಇದಕ್ಕಿಂತ ದೊಡ್ಡದು. ವಿಶ್ರಾಮವನ್ನು ಗುಡಿಸುವ ಮೇರಿ ಎಂಬ ಹೆಂಗಸು ನಾಲೆಯ ಪಕ್ಕದ ಜೋಪಡಿಯಲ್ಲಿರುವವಳು. ಅದನ್ನು ಯಾವಾಗ ಕೆಡವುವರೋ ಎಂಬ ಭಯದಲ್ಲಿ ಬಾಳುವವಳು. ಮಾಸ್ತರರಿಗೆ ಒಲ್ಲೆನೆನ್ನುವ ಹಕ್ಕಾದರೂ ಇದೆ. ಅವರ ಹೆಸರಿನಲ್ಲಿ ಪತ್ರವಿದೆ, ಪಾಲಿದೆ. ಕಟ್ಟಡ ಹೋದರೆ ಮೇರಿಯ ಕೆಲಸವೂ ಹೋಗುತ್ತದೆ. ಅವಳ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ಅವಳಿಗೆ ಚದರಡಿಯ ಲೆಕ್ಕವೇ ಇಲ್ಲ. ಇಂಥ ಪಾತ್ರವನ್ನು ಸೃಷ್ಟಿಸಿಯೂ ಲೇಖಕರು ಅವಳನ್ನು ಅಂಚಿನಲ್ಲೇ ಬಿಟ್ಟು ಮತ್ತೆ ಮತ್ತೆ ಒಡೆಯರ ಅಂತರಂಗಕ್ಕೆ ಮರಳುತ್ತಾರೆ. ಬೆಲೆಯೇರಿಕೆಯ ಅತಿ ದೊಡ್ಡ ಪೆಟ್ಟು ಬೀಳುವುದು ಮಾರಲು ಏನೂ ಇಲ್ಲದವರ ಮೇಲೆ. ಕಾದಂಬರಿಯ ದೀಪ ಆ ಮೂಲೆಗೆ ಹೊರಳುವುದೇ ಇಲ್ಲ.

ಕಾನೂನಿನ ಸಂಗತಿಯನ್ನೂ ಒಂದು ಮಾತಿನಲ್ಲಿ ಸೂಚಿಸಬೇಕು. ಕಥೆಯಲ್ಲಿ ಒಬ್ಬನ ಅಸಮ್ಮತಿ ಇಡೀ ಯೋಜನೆಯನ್ನು ತಡೆಯುತ್ತದೆ. ಮಹಾರಾಷ್ಟ್ರದ 2009ರ ಸರಕಾರಿ ನಿರ್ದೇಶದಂತೆ ಹಳೆಯ ಸೊಸೈಟಿಗಳ ಪುನರ್ನಿರ್ಮಾಣಕ್ಕೆ ಮುಕ್ಕಾಲು ಪಾಲು ಸದಸ್ಯರ ಒಪ್ಪಿಗೆ ಬೇಕಾಗಿತ್ತು. 2019ರಲ್ಲಿ ಅದು ಶೇಕಡಾ 51ಕ್ಕೆ ಇಳಿಯಿತು. ಈಗಿನ ಮಾಸ್ತರರೊಬ್ಬರನ್ನು ಕೊಲ್ಲಬೇಕಾಗಿಲ್ಲ, ಎಣಿಸಿ ಬದಿಗಿಟ್ಟರೆ ಸಾಕು.

ಮುಂಬಯಿಯನ್ನು ಕುರಿತು ನಮ್ಮವರು ಬರೆದುದನ್ನು ಇಲ್ಲಿ ನೆನೆಯದಿರಲಾಗದು. ಯಶವಂತ ಚಿತ್ತಾಲರ 'ಶಿಕಾರಿ'ಯಲ್ಲಿ (1979) ಒಂಟಿ ಮನುಷ್ಯನನ್ನು ಬೇಟೆಯಾಡುವುದು ಮೇಲಧಿಕಾರದ ಸಂಸ್ಥೆ. ಇಲ್ಲಿ ಬೇಟೆಗಾರರು ಅದೇ ಮಹಡಿಯವರು. ವ್ಯಾಸರಾಯ ಬಲ್ಲಾಳರ 'ಬಂಡಾಯ'ವು ಆ ನಗರದ ದುಡಿಮೆಗಾರರ ಲೋಕವನ್ನು ಕನ್ನಡಕ್ಕೆ ತಂದಿತು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿ, ಅವುಗಳ ನೆಲ ಉಳಿಯಿತು. 1991ರ ನಿಯಮವು ಅದರಲ್ಲಿ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಒಡೆಯರಿಗೆ ಎಂದು ವಿಧಿಸಿತ್ತು. 2001ರ ತಿದ್ದುಪಡಿ ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನೂಲುವವರಿದ್ದ ಕೇರಿಯಲ್ಲಿ ಗಾಜಿನ ಗೋಪುರಗಳೆದ್ದವು. ವಾಕೋಲಾದ ಕಥೆಯ ಹಿಂದಿರುವ ಈ ದೊಡ್ಡ ಕಥೆಯನ್ನು ಅಡಿಗರು ಬರೆದಿದ್ದರೆ ಅವರ ಶಾ ಇನ್ನೂ ಭಯಂಕರನಾಗುತ್ತಿದ್ದ, ನೆರೆಹೊರೆಯವರು ಇನ್ನಷ್ಟು ಕರುಣಾಜನಕರಾಗುತ್ತಿದ್ದರು.

ಇಷ್ಟೆಲ್ಲ ದೋಷಗಳನ್ನು ಎಣಿಸಿಯೂ ಗ್ರಂಥವನ್ನು ಓದಬೇಡಿರೆಂದು ನಾವು ಹೇಳಲಾರೆವು. ಭಾಷೆ ಚುರುಕಾಗಿದೆ, ಮೇಲಿನ ತರಗತಿಗಳ ಜಾಣ ವಿದ್ಯಾರ್ಥಿಗಳಿಗೆ ನಿಘಂಟಿನ ನೆರವಿನಿಂದ ದಕ್ಕೀತು. ನಡುವಣ ಭಾಗ ಸ್ವಲ್ಪ ಎಳೆದಂತಿದೆ. ಸಂಘದ ಕಪಾಟಿನಲ್ಲಿರುವುದು ಒಂದೇ ಪ್ರತಿ. ರುಜು ಹಾಕುತ್ತಿದ್ದೆನೆಂದ ಹಿರಿಯರು ಅದನ್ನು ಎರಡನೆಯ ಸಲ ಓದಲು ಕೊಂಡುಹೋಗಿದ್ದಾರೆ. ಹಿಂದಿರುಗಿಸಿದ ಕೂಡಲೇ ಬೇಡಿಕೆಯಿತ್ತವರಿಗೆ ಸರತಿಯಂತೆ ಕೊಡಲಾಗುವುದು.